ಪರೀಕ್ಷೆ ಮಗುವಿಗೆ, ಕರ್ಫ್ಯೂ ಮನೆಗೆಲ್ಲ!

ಕಳೆದ ಜನವರಿಯ ಒಂದು ಸಂಜೆ. ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರಿಂದ ದಂಪತಿ ತಮ್ಮ ಹದಿನೇಳು ವರ್ಷದ ಮಗಳನ್ನು ಕರೆದುಕೊಂಡು ಪಾಂಡವಪುರದ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹುಡುಗಿ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಅಂದು ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ತಲೆಸುತ್ತಿ ಬಿದ್ದಿದ್ದಳು.

‘ಸಾರ್, ಪರೀಕ್ಷೆ ಹತ್ರ ಬಂತು. ಒಂದ್ ಬಾಟ್ಲು ಗ್ಲೂಕೋಸ್ ಹಾಕಿ, ಗ್ಯಾಪಕ ಶಕ್ತಿಗೆ ಒಂದ್ ಒಳ್ಳೆ ಟಾನಿಕ್ ಬರ್ಕೊಡಿ. ನಾಳೆ ಕಾಲೇಜು ತಪ್ಪಂಗಿಲ್ಲ’ ಎಂದರು ತಂದೆ.

ನಾನು ಹುಡುಗಿಯ ದಿನಚರಿ ಕೇಳಿದೆ. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಎಬ್ಬಿಸುತ್ತಾರೆ. ಓದಿ, ಸ್ನಾನ ಮಾಡಿ, ಒಂದು ಲೋಟ ಕಾಫಿ ಕುಡಿದು ಆರೂವರೆಯ ಬಸ್ಸು ಹಿಡಿಯುತ್ತಾಳೆ. ತಿಂಡಿಗೆ ಹೊತ್ತಿಲ್ಲ. ಕಾಲೇಜು, ಟ್ಯೂಷನ್ ಮುಗಿಸಿ ಮನೆಗೆ ಬರುವುದು ರಾತ್ರಿ ಏಳಕ್ಕೆ. ಮಲಗುವುದು ಹನ್ನೆರಡಕ್ಕೆ. ಇದು ಜೂನ್ ತಿಂಗಳಿಂದ ನಡೆದಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಬಂತು. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದು ಕನಿಷ್ಠ 12 ಇರಬೇಕು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

‘ಮನೇಲಿ ಏನೂ ತೊಂದ್ರೆ ಕೊಟ್ಟಿಲ್ಲ ಸಾರ್. ಟೀವಿ ನಿಲ್ಸಿದ್ದೀವಿ. ಗೌರಿ ಹಬ್ಬಕ್ಕೂ ಎಲ್ಲೂ ಹೋಗಿಲ್ಲ. ನನ್ ತಮ್ಮನ ಮಗೀನ ನಾಮಕರಣಕ್ಕೂ ಬುಟ್ಬುಟ್ವಿ’ ಎಂದರು ತಾಯಿ. ಆಕೆಯ ಮಾತಿನಲ್ಲಿ ಹೆಮ್ಮೆಯಿತ್ತು. ಮಗಳ ಕಣ್ಣಲ್ಲಿ ನೀರಿತ್ತು.

ಇದು ಒಂದು ಮನೆಯ ಕತೆಯಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಕುಟುಂಬಗಳು ನನ್ನಲ್ಲಿಗೆ ಬರುತ್ತವೆ. ಮಗು ದ್ವಿತೀಯ ಪಿಯುಸಿಗೆ ಬಂದ ಕೂಡಲೇ ಮನೆಗೆ ಮನೆಯೇ ಬಾಗಿಲು ಹಾಕಿಕೊಳ್ಳುತ್ತದೆ. ಹಬ್ಬವಿಲ್ಲ, ನೆಂಟರಿಲ್ಲ, ಜೋರಾಗಿ ನಗುವಂತಿಲ್ಲ. ‘ಒಂದೇ ಒಂದು ವರ್ಷ ಡಾಕ್ಟ್ರೇ, ಆಮೇಲೆ ಜೀವನವೆಲ್ಲ ಸುಖ’ ಎನ್ನುವುದು ಎಲ್ಲ ತಂದೆ-ತಾಯಂದಿರ ಸಮರ್ಥನೆ. ಅವರ ಆತಂಕ ಸುಳ್ಳಲ್ಲ. ಎರಡು ಎಕರೆ ಕಬ್ಬು, ನಾಲೆಯ ನೀರನ್ನು ನಂಬಿದ ಕುಟುಂಬಕ್ಕೆ ಮಗುವಿನ ಓದೇ ಆಸ್ತಿ. ಆದರೆ ಮನೆಯನ್ನು ಮುಚ್ಚಿದರೆ ಓದು ಹೆಚ್ಚುತ್ತದೆ ಎಂಬ ನಂಬಿಕೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನೂ ಮಾಡಿದ ತಪ್ಪು

ಹೀಗೆ ಹೇಳುವ ನಾನೇನೂ ಜಾಣನಲ್ಲ. ಮೂರು ವರ್ಷದ ಹಿಂದೆ ನನ್ನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾಗ ನಮ್ಮ ಮನೆಯೂ ಹೀಗೇ ಆಗಿತ್ತು. ಆ ವರ್ಷ ದಸರಾಕ್ಕೆ ನಾವು ಎಲ್ಲಿಗೂ ಹೋಗಲಿಲ್ಲ. 1610ರಲ್ಲಿ ರಾಜ ಒಡೆಯರು ದಸರಾ ಆರಂಭಿಸಿದ ಶ್ರೀರಂಗಪಟ್ಟಣ ನಮಗೆ ಕೂಗಳತೆಯ ದೂರ. ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಮೆರವಣಿಗೆಯನ್ನು ಪ್ರತಿ ವರ್ಷ ನೋಡುತ್ತಿದ್ದ ಮಗಳು, ಆಗ ಅವಳಿಗೆ ಹದಿನಾಲ್ಕು, ‘ಪರೀಕ್ಷೆ ಅಣ್ಣನಿಗೆ ತಾನೆ? ನನ್ನ ದಸರಾ ಯಾಕಪ್ಪ ರದ್ದು?’ ಎಂದು ಕೇಳಿದಳು. ನಾನು ಗದರಿಸಿ ಸುಮ್ಮನಾಗಿಸಿದೆ.

ಸಂಕ್ರಾಂತಿಗೆ ನಾಗಮಂಗಲದ ಹಳ್ಳಿಯಿಂದ ನನ್ನ ತಾಯಿ ಬಂದರು. ಕೈಚೀಲದ ತುಂಬ ಸೊನೆ ಅವರೆಕಾಯಿ, ಎಳ್ಳು-ಬೆಲ್ಲ. ಪ್ರತಿ ವರ್ಷ ನಾಲ್ಕು ದಿನ ಇದ್ದು ಹೋಗುತ್ತಿದ್ದವರು ಮನೆಯ ಮೌನ ನೋಡಿ, ಮೊಮ್ಮಗನ ಕೋಣೆಯ ಬಾಗಿಲ ಬಳಿ ಒಂದು ನಿಮಿಷ ನಿಂತು, ‘ನಾನಿದ್ರೆ ಮಗೀನ ಓದು ಕೆಡ್ತದೆ. ಸಂಜೆ ಬಸ್ಸಿಗೆ ಹೊಂಟೋಯ್ತೀನಿ ಬುಡಪ್ಪ’ ಎಂದರು. ನಾನು ‘ಇರವ್ವ’ ಎನ್ನಲಿಲ್ಲ. ಬಸ್ ನಿಲ್ದಾಣಕ್ಕೆ ಬಿಟ್ಟು ಬಂದೆ.

ಮಗನಿಗೆ ಆ ತಿಂಗಳೇ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನಿಂಗ್‌ನಲ್ಲಿ ಏನೂ ಇರಲಿಲ್ಲ. ಬೇರೆಯವರ ಮಕ್ಕಳಿಗಾದರೆ ‘ಇದು ಮನಸ್ಸಿನ ಒತ್ತಡ’ ಎಂದು ಐದು ನಿಮಿಷದಲ್ಲಿ ಹೇಳುತ್ತಿದ್ದವನಿಗೆ ಅದು ಹೊಳೆಯಲು ಮೂರು ವಾರ ಹಿಡಿಯಿತು. ಅವನಿಗೆ ಅಂಕಗಳು ಸಾಧಾರಣವಾಗಿ ಬಂದವು. ಅಜ್ಜಿ ನಾಲ್ಕು ದಿನ ಇದ್ದಿದ್ದರೆ ಹೆಚ್ಚು ಬರುತ್ತಿದ್ದವು ಎಂದು ನಾನು ಹೇಳಲಾರೆ. ಕಡಿಮೆಯಾಗುತ್ತಿದ್ದವು ಎಂದು ಹೇಳುವ ಧೈರ್ಯವಂತೂ ನನಗಿಲ್ಲ.

ನಿದ್ರೆಯೂ ಓದೇ

ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಇದು ಸೋಮಾರಿತನದ ಲೆಕ್ಕವಲ್ಲ. ಹಗಲಿನಲ್ಲಿ ಓದಿದ್ದನ್ನು ಮಿದುಳು ವಿಂಗಡಿಸಿ ಗಟ್ಟಿ ಮಾಡಿಕೊಳ್ಳುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ರೆಯಲ್ಲಿ. ನಿದ್ರೆ ಕದ್ದು ಓದುವುದೆಂದರೆ ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ಇನ್ನೊಂದು ವಿಷಯ. ಹರೆಯದಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ರಾತ್ರಿ ನಿದ್ರೆ ಬರುವುದು ತಡ, ಬೆಳಿಗ್ಗೆ ಏಳುವುದೂ ಕಷ್ಟ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಎಂದು ನಂಬಿದ ಮನೆಗಳಿವೆ. ನನ್ನ ತಕರಾರಿಲ್ಲ. ಆದರೆ ನಾಲ್ಕೂವರೆಗೆ ಏಳಬೇಕಾದರೆ ಎಂಟೂವರೆಗೆ ಮಲಗಬೇಕು. ನಾಲ್ಕಕ್ಕೂ ಏಳಿಸಿ, ಹನ್ನೆರಡರವರೆಗೂ ಕೂರಿಸುವುದು ಯಾವ ಶಾಸ್ತ್ರದಲ್ಲೂ ಇಲ್ಲ.

‘ಹೊತ್ತು ಎಲ್ಲಿದೆ?’ ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ನಿದ್ರೆಗೆ 8 ಗಂಟೆ, ಕಾಲೇಜಿಗೆ 7, ಬಸ್ಸಿಗೆ ಎರಡೂವರೆ, ಸ್ನಾನ-ಊಟಕ್ಕೆ ಒಂದೂವರೆ. ಒಟ್ಟು 19. ಉಳಿದದ್ದು 5 ಗಂಟೆ. ಅದರಲ್ಲಿ ನಾಲ್ಕು ಗಂಟೆ ಮನಸ್ಸಿಟ್ಟು ಓದಿ, ಒಂದು ಗಂಟೆ ಆಟ, ನಡಿಗೆ, ಮಾತಿಗೆ ಬಿಟ್ಟರೆ ಏನೂ ಮುಳುಗುವುದಿಲ್ಲ. ಟ್ಯೂಷನ್ ಇದ್ದರೆ ಅದೂ ಈ ನಾಲ್ಕು ಗಂಟೆಯ ಒಳಗೇ ಸೇರಬೇಕು. ಮೊಬೈಲ್ ಮಾತ್ರ ರಾತ್ರಿ ಹಾಸಿಗೆಯ ಬಳಿ ಬೇಡ. ಈ ನಿಯಮ ಅಪ್ಪ-ಅಮ್ಮನಿಗೂ ಅನ್ವಯಿಸಬೇಕು.

ಬಾಟಲಿಗಿಂತ ಮುದ್ದೆ ಮೇಲು

ಅರ್ಧ ಲೀಟರಿನ, ಶೇಕಡ 5ರ ಗ್ಲೂಕೋಸ್ ಬಾಟಲಿಯಲ್ಲಿರುವ ಸಕ್ಕರೆ ಕೇವಲ 25 ಗ್ರಾಂ. ಅಂದರೆ ಐದಾರು ಟೀ ಚಮಚ. ಒಂದು ರಾಗಿ ಮುದ್ದೆ ಅದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತದೆ. ಜ್ಞಾಪಕ ಶಕ್ತಿ ಹೆಚ್ಚಿಸುವ ಟಾನಿಕ್ ಎಂಬುದು ನಾನು ಓದಿದ ವೈದ್ಯಶಾಸ್ತ್ರದಲ್ಲಿಲ್ಲ.

ಆದರೆ ರಕ್ತಹೀನತೆ ನಿಜವಾದ ಕಾಯಿಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿಗೆ, ಗಂಡುಮಕ್ಕಳಲ್ಲಿ ಶೇಕಡ 31 ಮಂದಿಗೆ ರಕ್ತಹೀನತೆ ಇತ್ತು. ಇಂಥ ಮಗುವಿಗೆ ಸುಸ್ತು, ಮಂಪರು, ಓದಿದ್ದು ನೆನಪಲ್ಲಿ ಉಳಿಯದಿರುವುದು ಸಾಮಾನ್ಯ. ಅದನ್ನು ನಾವು ‘ಗಮನವಿಲ್ಲ’ ಎಂದು ಬೈಯುತ್ತೇವೆ! ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುತ್ತಿದೆಯೇ ಎಂದು ತಾಯಿ ಸಂಕೋಚ ಬಿಟ್ಟು ಕೇಳಬೇಕು. ಜಂತುಹುಳುವಿಗೂ ಔಷಧಿ ಬೇಕಾಗಬಹುದು. ಮನೆಯಲ್ಲೇ ಇರುವ ಹುರುಳಿಕಾಳು, ದಂಟು, ನುಗ್ಗೆಸೊಪ್ಪು, ಕಡಲೆ ತಪ್ಪದಿರಲಿ. ಮಾಂಸ ತಿನ್ನುವ ಮನೆಗಳಲ್ಲಿ ವಾರಕ್ಕೊಮ್ಮೆ ಬಾಡೂಟ ಮಾಡಿದರೆ ಒಳ್ಳೆಯದೇ. ಅದರ ಕಬ್ಬಿಣಾಂಶ ದೇಹಕ್ಕೆ ಬೇಗ ಹತ್ತುತ್ತದೆ. ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಿ. ಊಟವಾದ ಕೂಡಲೇ ಕಾಫಿ-ಟೀ ಬೇಡ, ಒಂದು ಗಂಟೆ ಬಿಡಿ. ಬೆಳಗಿನ ಬಸ್ಸಿಗೆ ಹೊತ್ತಾದರೆ ಎರಡು ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ ಅಥವಾ ಬಾಳೆಹಣ್ಣು ಡಬ್ಬಿಯಲ್ಲಿರಲಿ.

ಹಬ್ಬ ಬಿಡಬೇಡಿ

ಹಬ್ಬದ ದಿನ ಮಗು ಪುಸ್ತಕದ ಮುಂದೆ ಕುಳಿತಿರುತ್ತದೆ, ನಿಜ. ಆದರೆ ಮನಸ್ಸು ಬೀದಿಯಲ್ಲಿರುತ್ತದೆ. ಅರ್ಧ ದಿನ ಮನಸಾರೆ ಹಬ್ಬ ಮಾಡಿ, ಸಂಜೆ ಓದಲಿ. ಸಂಕ್ರಾಂತಿಯಂದು ಊರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಲು ಬೇಕಾದದ್ದು ಒಂದು ಗಂಟೆ. ಮೇಲುಕೋಟೆಯ ವೈರಮುಡಿ ಬರುವ ಮಾರ್ಚ್-ಏಪ್ರಿಲ್ ಪರೀಕ್ಷೆಯ ಕಾಲ. ಆ ರಾತ್ರಿಯ ಜಾಗರಣೆ ಒಂದು ವರ್ಷ ತಪ್ಪಲಿ, ಅಡ್ಡಿಯಿಲ್ಲ. ಆದರೆ ಎಲ್ಲ ಹಬ್ಬಕ್ಕೂ ಬೀಗ ಹಾಕಬೇಡಿ.

ರಜೆಗೆ ಊಟಿ, ಕೊಡೈಕನಾಲ್ ಬೇಕಿಲ್ಲ. ತಿಂಗಳಿಗೊಂದು ಭಾನುವಾರ ಅರ್ಧ ದಿನ ಸಾಕು. ಶ್ರೀರಂಗಪಟ್ಟಣದವರಿಗೆ ರಂಗನತಿಟ್ಟಿದೆ. 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳ ಹಕ್ಕಿಗಳನ್ನು ನೋಡಲು ದೂರದೂರದವರು ಬರುತ್ತಾರೆ. ಪಾಂಡವಪುರದವರಿಗೆ ಕುಂತಿಬೆಟ್ಟ, ತೊಣ್ಣೂರು ಕೆರೆಯ ಏರಿ, ಕೆ.ಆರ್. ಪೇಟೆಯವರಿಗೆ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲ. ನಾಗಮಂಗಲದವರಿಗೆ ಸೌಮ್ಯಕೇಶವನ ಗುಡಿ, ಕಂಬದಹಳ್ಳಿಯ ಬಸದಿ. ದಿನವಿಡೀ ಒಂದು ಅಡಿ ದೂರದ ಅಕ್ಷರವನ್ನೇ ನೋಡುವ ಕಣ್ಣಿಗೆ ದೂರದ ಬೆಟ್ಟ ನೋಡುವುದೇ ವಿಶ್ರಾಂತಿ. ಹತ್ತಿದಿಳಿದ ಕಾಲಿಗೆ ರಾತ್ರಿ ನಿದ್ರೆಯೂ ಬರುತ್ತದೆ.

ಮನೆಯ ಕೆಲಸವೂ ಹೀಗೆಯೇ. ಹಸುವಿಗೆ ಹುಲ್ಲು ಹಾಕುವ, ಅಂಗಡಿಗೆ ಹೋಗಿಬರುವ ಹತ್ತು ನಿಮಿಷದ ಕೆಲಸವನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ. ಎಲ್ಲ ಕೆಲಸ ಬಿಡಿಸಿದರೆ ‘ನಾನು ಅಂಕಕ್ಕಾಗಿ ಮಾತ್ರ ಈ ಮನೆಯಲ್ಲಿದ್ದೇನೆ’ ಎಂಬ ಭಾವನೆ ಬರುತ್ತದೆ. ಪರೀಕ್ಷೆಯ ಭಯಕ್ಕೆ ಬೇರು ಅದೇ.

ಒಂದೇ ಬಾಗಿಲಲ್ಲ

ಪಿಯುಸಿ ಹೋದರೆ ಜೀವನವೇ ಹೋಯಿತೆಂಬ ಮಾತು ಈಗ ನಿಜವಲ್ಲ. 2024ರಲ್ಲಿ ಬಂದ ಪದ್ಧತಿಯಂತೆ ಒಂದೇ ಶೈಕ್ಷಣಿಕ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು ಹೆಚ್ಚಿನ ಅಂಕ ಉಳಿಸಿಕೊಳ್ಳಬಹುದು. ಇದನ್ನು ಫಲಿತಾಂಶದ ದಿನವಲ್ಲ, ಇಂದೇ ಮಗುವಿಗೆ ಬಾಯಿಬಿಟ್ಟು ಹೇಳಿ.

ಮಗು ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ-ನಿದ್ರೆ ಬಿಟ್ಟರೆ, ಸ್ನೇಹಿತರಿಂದ ದೂರವಾದರೆ ಕಾಯಬೇಡಿ, ವೈದ್ಯರನ್ನು ಕಾಣಿ. ‘ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ’ ಎಂಬಂಥ ಮಾತನಾಡಿದರೆ ತಮಾಷೆಯೆಂದು ತಳ್ಳಿಹಾಕಬೇಡಿ. ಅಂದೇ ಹತ್ತಿರ ಕುಳಿತು ಕೇಳಿ, ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆತನ್ನಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು.

ಪರೀಕ್ಷೆ ಮುಗಿದ ಮೇಲೂ ಒಂದು ಎಚ್ಚರಿಕೆ ಬೇಕು. ವರ್ಷವಿಡೀ ಕಟ್ಟಿಹಾಕಿದ ಕರುವನ್ನು ಒಮ್ಮೆಲೇ ಬಿಟ್ಟರೆ ಅದು ದಿಕ್ಕು ನೋಡದೆ ಓಡುತ್ತದೆ. ಬೈಕ್ ಹತ್ತಿ ಕಾವೇರಿ ದಂಡೆಗೆ, ನಾಲೆಗೆ ಈಜಲು ಹೋಗುವ ಹುಡುಗರು ಹಾಗೆಯೇ. ಹೊಳೆಯ ಮಡು, ನಾಲೆಯ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಹದಿನೆಂಟು ತುಂಬದವರ ಕೈಗೆ ಬೈಕಿನ ಕೀಲಿ ಕೊಡಬೇಡಿ. 2019ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ. ವರ್ಷದುದ್ದಕ್ಕೂ ಅಷ್ಟಿಷ್ಟು ರಜೆ ಉಂಡ ಮಕ್ಕಳಿಗೆ ಕೊನೆಯಲ್ಲಿ ಇಂಥ ಹಸಿವಿರುವುದಿಲ್ಲ.

ಕೆ.ಆರ್. ಪೇಟೆಯ ಆ ಹುಡುಗಿಗೆ ನಾನು ಗ್ಲೂಕೋಸ್ ಹಾಕಲಿಲ್ಲ. ಕಬ್ಬಿಣಾಂಶದ ಮಾತ್ರೆ, ಜಂತಿನ ಮಾತ್ರೆ, ರಾತ್ರಿ ಹತ್ತಕ್ಕೆ ದೀಪ ಆರಿಸುವುದು, ಬೆಳಿಗ್ಗೆ ತಿಂಡಿಯ ಡಬ್ಬಿ, ಇಷ್ಟನ್ನು ಚೀಟಿಯಲ್ಲಿ ಬರೆದೆ. ಕೊನೆಯ ಸಾಲಿನಲ್ಲಿ ‘ಸೋದರಮಾವನ ಮಗುವನ್ನು ನೋಡಿಕೊಂಡು ಬರುವುದು’ ಎಂದೂ ಸೇರಿಸಿದೆ. ತಂದೆ ನಕ್ಕರು. ಆದರೆ ಆ ಭಾನುವಾರವೇ ಕರೆದುಕೊಂಡು ಹೋದರಂತೆ. ಹುಡುಗಿ ಮಾರ್ಚ್‌ನಲ್ಲಿ ತಲೆಸುತ್ತಿಲ್ಲದೆ ಪರೀಕ್ಷೆ ಬರೆದಳು.

ಈ ವರ್ಷ ನನ್ನ ಮಗಳ ಸರದಿ. ‘ನನ್ನ ದಸರಾ ಯಾಕೆ ರದ್ದು’ ಎಂದು ಕೇಳಿದ್ದವಳು ಈಗ ದ್ವಿತೀಯ ಪಿಯುಸಿ. ಮೊನ್ನೆ ತಾಯಿ ಫೋನು ಮಾಡಿ, ‘ಈ ಸಲ ಸಂಕ್ರಾಂತಿಗೆ ಬರ್ಲಾ, ಬ್ಯಾಡ್ವಾ ಮಗ? ಮಗೀನ ಪರೀಕ್ಸೆ ಅಲ್ವಾ?’ ಎಂದು ಕೇಳಿದರು. ‘ಬಾರವ್ವ. ನಾಲ್ಕು ದಿನ ಇರೋ ಹಂಗೆ ಬಾ. ಅವರೆಕಾಯಿ ಜಾಸ್ತಿ ತಾ, ಅವಳೂ ಕೂತು ಹಿತುಕ್ಲಿ’ ಎಂದೆ.