ನಾಣ್ಯ ಒಂದಾದರೆ ಸಾಲದು, ಬೊಕ್ಕಸವೂ ಒಂದಾಗಬೇಕು

2026ರ ಜನವರಿ 1ರಂದು ಬಲ್ಗೇರಿಯ ತನ್ನ ಲೆವ್ ಬಿಟ್ಟು ಯೂರೊ ಒಪ್ಪಿಕೊಂಡಿತು. ಈಗ ಐರೋಪ್ಯ ಒಕ್ಕೂಟದ 21 ದೇಶಗಳಿಗೆ ಒಂದೇ ಹಣ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ದುಡಿದು ನಿವೃತ್ತನಾದ ನಾನು ವಿನಿಮಯ ದರ ನೋಡಿದೊಡನೆ ಗುರುತು ಹಿಡಿದೆ: ಯೂರೊಗೆ 1.95583 ಲೆವ್. ಜರ್ಮನಿಯ ಮಾರ್ಕ್‌ಗೂ ಇದೇ ದರ ಇತ್ತು. 1997ರಲ್ಲಿ ಹಣದುಬ್ಬರದಿಂದ ಕಂಗೆಟ್ಟ ಬಲ್ಗೇರಿಯ ತನ್ನ ಹಣದ ಬೆಲೆಯನ್ನು ಮಾರ್ಕ್‌ಗೆ ಕಟ್ಟಿಹಾಕಿತ್ತು. ಆ ಗಂಟು ಯೂರೊವರೆಗೂ ಬಿಚ್ಚಲಿಲ್ಲ.

ಯೂರೊದಿಂದಾದ ಅನುಕೂಲವನ್ನು ನಾನು ಕೆಲಸದ ಮೇಜಿನಲ್ಲೇ ಕಂಡವನು. ಮಾರ್ಕ್, ಫ್ರಾಂಕ್, ಲೀರಾ, ಗಿಲ್ಡರ್ ಎಂದು ಒಂದೊಂದಕ್ಕೂ ದಿನವೂ ಬೇರೆ ದರ ಬರುತ್ತಿತ್ತು. ಅಷ್ಟೂ ನಾಣ್ಯಗಳ ಏರಿಳಿತವನ್ನು ನಮ್ಮ ರಫ್ತುದಾರರು ಕಾಯಬೇಕಿತ್ತು. 1999ರಲ್ಲಿ ಲೆಕ್ಕದ ಪುಸ್ತಕಕ್ಕೆ ಬಂದ ಯೂರೊ, 2002ರ ಜನವರಿ 1ರಂದು 12 ದೇಶಗಳ ಜನರ ಕೈಗೆ ನೋಟಾಗಿ, ನಾಣ್ಯವಾಗಿ ಬಂತು. ಆ ತಲೆನೋವು ತೀರಿತು.

ಆದರೆ ಯೂರೊವನ್ನು ಕಟ್ಟಿದವರು ಅರ್ಧ ಕೆಲಸವನ್ನಷ್ಟೇ ಮಾಡಿದರು. 1992ರ ಮಾಸ್ಟ್ರಿಕ್ಟ್ ಒಪ್ಪಂದ ಎಲ್ಲರಿಗೂ ಒಂದೇ ಕೇಂದ್ರ ಬ್ಯಾಂಕನ್ನು ಕೊಟ್ಟಿತು, ಒಂದೇ ಬೊಕ್ಕಸವನ್ನು ಕೊಡಲಿಲ್ಲ. ಒಂದು ದೇಶದ ಸಾಲವನ್ನು ಇನ್ನೊಂದು ದೇಶ ಹೊರಬಾರದು ಎಂದೂ ಬರೆಯಿತು. ಆ ಬರಹದ ಬೆಲೆ ತೆತ್ತದ್ದು ಗ್ರೀಸ್.

ಗ್ರೀಸ್ ಹಾಸಿಗೆ ಮೀರಿ ಕಾಲು ಚಾಚಿತು, ಕೊರತೆಯ ಲೆಕ್ಕವನ್ನೂ ಮುಚ್ಚಿಟ್ಟಿತು. ನಿಜ. ಯೂರೊ ಸೇರಿದ ಮೇಲೆ ಅಗ್ಗದ ಬಡ್ಡಿಗೆ ಅದಕ್ಕೆ ಸಾಲ ಸುರಿದವರು ಇತರ ದೇಶಗಳ ಬ್ಯಾಂಕುಗಳೂ ಹೌದು. ಸ್ವಂತ ದ್ರಾಕ್ಮಾ ಇದ್ದಿದ್ದರೆ ಅದರ ಬೆಲೆ ಇಳಿಸಿ, ಪ್ರವಾಸಿಗರನ್ನು ಸೆಳೆದು, ರಫ್ತು ಹೆಚ್ಚಿಸಿ ಸ್ವಲ್ಪ ಉಸಿರಾಡಬಹುದಿತ್ತು. ಆ ದಾರಿ ಮುಚ್ಚಿತ್ತು. ಬಡ್ಡಿ ದರ ಫ್ರಾಂಕ್‌ಫರ್ಟ್‌ನ ಕೇಂದ್ರ ಬ್ಯಾಂಕಿನಲ್ಲಿ ನಿರ್ಧಾರವಾಗುತ್ತಿತ್ತು. ಉಳಿದದ್ದು ಸಂಬಳ, ಪಿಂಚಣಿ ಕಡಿಯುವುದು. 2013ರಲ್ಲಿ ಅಲ್ಲಿ ದುಡಿಯಲು ಸಿದ್ಧರಿದ್ದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೆಲಸವಿರಲಿಲ್ಲ. 2015ರ ಬೇಸಿಗೆಯಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು. ಎಟಿಎಂನಿಂದ ದಿನಕ್ಕೆ 60 ಯೂರೊ ಮಾತ್ರ. ಜೀವನವಿಡೀ ಠೇವಣಿದಾರರ ನಂಬಿಕೆಯ ಮೇಲೆ ಕೆಲಸ ಮಾಡಿದ ನನಗೆ, ಪಿಂಚಣಿಗಾಗಿ ಬ್ಯಾಂಕಿನ ಮುಂದೆ ಸರದಿ ನಿಂತ ಆ ವೃದ್ಧರ ಚಿತ್ರಗಳನ್ನು ನೋಡಲು ಸಂಕಟವಾಯಿತು. ಸುಳ್ಳು ಲೆಕ್ಕ ಬರೆದವರು ಅವರಲ್ಲ.

ಯುರೋಪ್ ತಡವಾಗಿ ಪಾಠ ಕಲಿತಿದೆ. 2020ರ ಕೋವಿಡ್ ಸಂಕಟದಲ್ಲಿ 750 ಶತಕೋಟಿ ಯೂರೊ ಮೊತ್ತವನ್ನು ಒಕ್ಕೂಟದ ಹೆಸರಿನಲ್ಲೇ ಸಾಲ ಎತ್ತಲು ಒಪ್ಪಿ, ಅರ್ಧಕ್ಕಿಂತ ಹೆಚ್ಚನ್ನು ಅನುದಾನವಾಗಿ ಹಂಚಲು ತೀರ್ಮಾನಿಸಿತು. ಇಟಲಿ, ಸ್ಪೇನ್‌ಗಳಿಗೆ ದೊಡ್ಡ ಪಾಲು ಸಿಕ್ಕಿತು. ಹತ್ತು ವರ್ಷ ಮೊದಲೇ ಈ ಬುದ್ಧಿ ಬಂದಿದ್ದರೆ ಗ್ರೀಸ್‌ನ ಒಂದು ತಲೆಮಾರು ಇಷ್ಟು ನರಳುತ್ತಿರಲಿಲ್ಲ.

ಇದು ನಮಗೂ ಸಂಬಂಧಿಸಿದ ಮಾತು. ಬಿಹಾರಕ್ಕೂ ಕರ್ನಾಟಕಕ್ಕೂ ಒಂದೇ ರೂಪಾಯಿ. ಬಿಹಾರ ತನ್ನ ರೂಪಾಯಿಯ ಬೆಲೆ ಇಳಿಸಿಕೊಳ್ಳಲಾರದು. ಆದ್ದರಿಂದಲೇ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹೇಳುವ ಹಣಕಾಸು ಆಯೋಗ ಬೇಕು. 14ನೇ ಆಯೋಗದಲ್ಲಿ 4.713% ಇದ್ದ ನಮ್ಮ ತೆರಿಗೆ ಪಾಲನ್ನು 15ನೇ ಆಯೋಗ 3.647%ಕ್ಕೆ ಇಳಿಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅಂಥ ಹಂಚಿಕೆ ಸೂತ್ರದ ವಿರುದ್ಧ ಕರ್ನಾಟಕ ಗಟ್ಟಿ ದನಿಯಲ್ಲಿ ವಾದಿಸಲೇಬೇಕು. ಆದರೆ ಹಂಚಿಕೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಇಲ್ಲಿ ತಯಾರಾದ ವಸ್ತುವಿಗೆ ಇಡೀ ದೇಶದ ಮಾರುಕಟ್ಟೆ ತೆರೆದಿರುವುದು ಅದೇ ರೂಪಾಯಿಯಿಂದ.

ಬ್ರಿಕ್ಸ್ ದೇಶಗಳಿಗೂ ಯೂರೊದಂಥ ಒಂದು ನಾಣ್ಯ ಬೇಕೆಂಬ ಮಾತು ಆಗಾಗ ಏಳುತ್ತದೆ. ಅದನ್ನು ಬಯಸುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಲಿ: ದಕ್ಷಿಣ ಆಫ್ರಿಕ ದಿವಾಳಿಯ ಅಂಚಿಗೆ ಬಂದಾಗ ಚೀನಾದ, ಭಾರತದ ತೆರಿಗೆದಾರರು ಹಣ ಕೊಡುತ್ತಾರೆಯೇ? ಕೊಡುವುದಿಲ್ಲವಾದರೆ ಅಂಥ ನಾಣ್ಯದಿಂದ ಭಾರತ ದೂರವಿರಬೇಕು.