ಯಂತ್ರಕ್ಕೂ ಎರಡು ಕಣ್ಣು

ಚಂದಕವಾಡಿಯ ಯಾವ ಮನೆಯ ಜಗಲಿಯಲ್ಲಾದರೂ ಸರಿ, ಸೂಜಿಗೆ ದಾರ ಪೋಣಿಸುತ್ತಿರುವ ಅಜ್ಜಿಯನ್ನು ಒಂದು ಕಣ್ಣು ಮುಚ್ಚಿಕೊಳ್ಳುವಂತೆ ಕೇಳಿ ನೋಡಬೇಕು. ಸೂಜಿಯೂ ಕಾಣುತ್ತದೆ, ದಾರವೂ ಕಾಣುತ್ತದೆ. ಆದರೆ ದಾರದ ತುದಿ ಸೂಜಿಯ ಕಣ್ಣಿನಿಂದ ಆಚೆಗೋ ಈಚೆಗೋ ಸರಿದುಹೋಗುತ್ತದೆ. ಅಜ್ಜಿ ಕಳೆದುಕೊಂಡುದು ದೂರದ ಅಳತೆಯನ್ನು.

ಇದರ ಗುಟ್ಟು ಸರಳವಾದುದು. ಮನುಷ್ಯನ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರು ಅಂತರವುಂಟು. ಆದುದರಿಂದ ಒಂದೇ ವಸ್ತುವಿನ ಎರಡು ಬಿಂಬಗಳು ಒಂದಕ್ಕೊಂದು ಕೊಂಚ ಬೇರೆಯಾಗಿರುತ್ತವೆ. ಹತ್ತಿರದ ವಸ್ತುವಾದರೆ ಈ ವ್ಯತ್ಯಾಸ ಹೆಚ್ಚು, ದೂರದ್ದಾದರೆ ಕಡಮೆ. ಅದನ್ನೇ ಮೆದುಳು ದೂರವೆಂದು ಓದಿಕೊಳ್ಳುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಕನ್ನಡಿಗಳನ್ನು ಜೋಡಿಸಿದ ಉಪಕರಣವೊಂದರಿಂದ ಇದನ್ನು ತೋರಿಸಿಕೊಟ್ಟನು.

ದಾರ ತಪ್ಪಿದರೆ ಅಜ್ಜಿ ಮತ್ತೊಮ್ಮೆ ಪೋಣಿಸಿಯಾಳು. ಚಂದ್ರನ ಮೇಲೆ ಬಂಡಿಯೊಂದು ಹಳ್ಳಕ್ಕೆ ಉರುಳಿದರೆ ಎತ್ತಿ ನಿಲ್ಲಿಸುವವರಾರು? 2023ರ ಆಗಸ್ಟ್ 23ರಂದು ಚಂದ್ರಯಾನ-3 ಅಲ್ಲಿಗೆ ಇಳಿಸಿದ, 26 ಕಿಲೋಗ್ರಾಂ ತೂಕದ ‘ಪ್ರಜ್ಞಾನ್’ ಬಂಡಿಗೆ ದಾರಿ ನೋಡಲೆಂದೇ ಎಡಬಲಗಳಲ್ಲಿ ಎರಡು ಕ್ಯಾಮರಾಗಳಿದ್ದುವು. ಅವು ಸಿದ್ಧವಾದುದು ಬೆಂಗಳೂರಿನಲ್ಲಿರುವ ಇಸ್ರೋ ಪ್ರಯೋಗಾಲಯದಲ್ಲಿ. ಎರಡೂ ಚಿತ್ರಗಳು ಭೂಮಿಗೆ ಬಂದ ಮೇಲೆ ಅವನ್ನು ಹೋಲಿಸಿ, ನೆಲದ ಏರುತಗ್ಗುಗಳ ನಕ್ಷೆ ಬರೆದು, ಆಮೇಲೆ ಮುಂದಿನ ದಾರಿಯನ್ನು ಗೊತ್ತುಮಾಡುತ್ತಿದ್ದರು. ಆಗಸ್ಟ್ 27ರಂದು ಬಂಡಿಯ ಮುಂದೆ 3 ಮೀಟರು ದೂರದಲ್ಲಿ 4 ಮೀಟರು ಅಗಲದ ಗುಂಡಿಯೊಂದು ಕಂಡಿತು. ಬಂದ ಜಾಡಿನಲ್ಲಿಯೇ ಹಿಂದಿರುಗುವಂತೆ ಅಪ್ಪಣೆ ಹೋಯಿತು. ಬಂಡಿ ಬೇರೆ ದಾರಿ ಹಿಡಿಯಿತು.

ಒಂದೇ ಕಣ್ಣಿನಿಂದ ದೂರ ತಿಳಿಯದೆ? ಒಂದು ಮಟ್ಟಿಗೆ ತಿಳಿಯುತ್ತದೆ. ಮರದ ಎತ್ತರ, ಎತ್ತಿನ ಗಾತ್ರ, ದೂರದ ಮಬ್ಬು, ಇವೆಲ್ಲ ನಮಗೆ ನೆರವಾಗುತ್ತವೆ. ಚಂದ್ರನಲ್ಲಿ ಮರವಿಲ್ಲ, ಎತ್ತಿಲ್ಲ, ಮಬ್ಬು ಕವಿಸುವ ಗಾಳಿಯೂ ಇಲ್ಲ. ಕಾಣುವ ಕಲ್ಲು ಹತ್ತಿರದ ಸಣ್ಣದೋ ದೂರದ ದೊಡ್ಡದೋ ಹೇಳುವುದು ಕಷ್ಟ. ಆದರೆ ಎರಡು ಕ್ಯಾಮರಾಗಳ ನಡುವಣ ಅಂತರ ಮೊದಲೇ ಗೊತ್ತಿರುವುದರಿಂದ ಅದೇ ಅಳತೆಗೋಲಾಗುತ್ತದೆ. ಲೇಸರ್ ಕಿರಣವನ್ನು ಬಿಟ್ಟು ಅಳೆಯುವ ವಿಧಾನವೂ ಉಂಟು. ಕ್ಯಾಮರಾಗಳಾದರೋ ಬಿಸಿಲಿನ ಬೆಳಕಿನಲ್ಲಿಯೇ ಕೆಲಸ ಮುಗಿಸುತ್ತವೆ.

ಈ ಜೋಡಿ ಕಣ್ಣಿಗೂ ಒಂದು ಎಲ್ಲೆಯಿದೆ. ಚಂದಕವಾಡಿಯ ಸೀಮೆಯಲ್ಲಿ ನಿಂತು ಬಿಳಿಗಿರಿರಂಗನ ಬೆಟ್ಟವನ್ನು ಒಂದೊಂದೇ ಕಣ್ಣಿನಿಂದ ನೋಡಿದರೆ ಎರಡಕ್ಕೂ ಒಂದೇ ಚಿತ್ರ. ಅಷ್ಟು ದೂರಕ್ಕೆ ಕಣ್ಣುಗಳ ಅಂತರ ಏತಕ್ಕೂ ಸಾಲದು. ಪ್ರಜ್ಞಾನ್ ಕೂಡ ಒಂದು ಬಾರಿಗೆ ಸುಮಾರು 5 ಮೀಟರುಗಳಷ್ಟು ನೆಲವನ್ನು ಮಾತ್ರ ಅಳೆಯಬಲ್ಲುದಾಗಿತ್ತು. ಅಷ್ಟನ್ನು ನೋಡಿ, ಅಷ್ಟೇ ನಡೆದು, ಮತ್ತೆ ನಿಂತು ನೋಡಿ, ಅದು ಒಟ್ಟು 100 ಮೀಟರಿಗಿಂತ ತುಸು ಹೆಚ್ಚು ದಾರಿಯನ್ನು ಉರುಳದೆ ಕ್ರಮಿಸಿತು.