ಬಜ್ಪೆ: ವಿಧಿಯ ಹೆಸರಿನಲ್ಲಿ ಹೊಣೆಗಾರಿಕೆಯನ್ನು ಹೂಳಬೇಡಿ

ಮಂಗಳೂರು ವಿಮಾನ ನಿಲ್ದಾಣದ ಸುದ್ದಿಗೆ ಕರಾವಳಿಯಲ್ಲಿ ಎಂದೂ ಓದುಗರ ಕೊರತೆಯಾದುದಿಲ್ಲ. ಯಾವ ಊರಿಗೆ ಹೊಸ ಹಾರಾಟ ಆರಂಭವಾಯಿತು, ಯಾವ ಮಾದರಿಯ ವಿಮಾನ ಬಂದಿಳಿಯಿತು, ಟರ್ಮಿನಲ್ ಎಷ್ಟು ವಿಸ್ತಾರಗೊಂಡಿತು ಎಂಬುದನ್ನೆಲ್ಲ ಲೆಕ್ಕವಿಡುವ ಉತ್ಸಾಹಿಗಳು ನಮ್ಮ ಮನೆಗಳಲ್ಲೂ ಇದ್ದಾರೆ. ಅದು ಸಹಜ. ಗಲ್ಫ್‌ನ ದುಡಿಮೆಯಿಂದ ಒಲೆ ಉರಿಯುವ ಮನೆಗಳಿಗೆ ಬಜ್ಪೆಯು ಕೇವಲ ನಿಲ್ದಾಣವಲ್ಲ, ಬದುಕಿನ ಹೆಬ್ಬಾಗಿಲು. ಆದರೆ ಹೆಬ್ಬಾಗಿಲಿನ ಅಲಂಕಾರವನ್ನು ಕೊಂಡಾಡುವವರು ಅದರ ಹೊಸ್ತಿಲು ಗಟ್ಟಿಯಾಗಿದೆಯೇ ಎಂದು ಎಷ್ಟು ಸಲ ವಿಚಾರಿಸಿದ್ದಾರೆ?

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರ ವಿಮಾನ ಇಳಿಯುವುದರೊಂದಿಗೆ ಈ ನಿಲ್ದಾಣದ ಇತಿಹಾಸ ಆರಂಭವಾಗುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ 1,615 ಮೀಟರ್ ಉದ್ದದ ಕಿರಿದಾದ ರನ್‌ವೇಯೇ ಅದಕ್ಕೆ ಆಸರೆಯಾಗಿತ್ತು. 2006ರಲ್ಲಿ 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಬಳಕೆಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ದುಬೈಗೆ ಮೊದಲ ಅಂತಾರಾಷ್ಟ್ರೀಯ ವಿಮಾನ ಹಾರಿತು. 2010ರ ಮೇ 15ರಂದು ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆಗೊಂಡಿತು. ಭಾಷಣಗಳಾದವು, ಚಪ್ಪಾಳೆಗಳಾದವು. ಸರಿಯಾಗಿ ಏಳು ದಿನಗಳ ಬಳಿಕ, ಮೇ 22ರ ಮುಂಜಾನೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ರನ್‌ವೇ ದಾಟಿ ಕಣಿವೆಗುರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯ ಪೈಕಿ 158 ಮಂದಿ ಪ್ರಾಣ ಕಳೆದುಕೊಂಡರು. ಉಳಿದವರು ಎಂಟೇ ಮಂದಿ. ಗುರುತು ಸಿಗದ 12 ದೇಹಗಳನ್ನು ಒಟ್ಟಾಗಿ ಮಣ್ಣು ಮಾಡಬೇಕಾಯಿತು.

ಅಂದು ನಮ್ಮಲ್ಲಿ ಹೆಚ್ಚು ಕೇಳಿಬಂದ ಮಾತು 'ವಿಧಿ'. ಸಾವಿನ ಸಮಯವನ್ನು ನಿರ್ಣಯಿಸುವವನು ಅಲ್ಲಾಹನೇ ಎಂಬುದರಲ್ಲಿ ಯಾವ ಸತ್ಯವಿಶ್ವಾಸಿಗೂ ಸಂದೇಹವಿಲ್ಲ. ಆದರೆ ಆ ವಿಶ್ವಾಸವನ್ನು ಮನುಷ್ಯರ ಅಲಕ್ಷ್ಯಕ್ಕೆ ಹೊದಿಸುವ ಚಾದರವನ್ನಾಗಿಸಲು ನಮಗೆ ಅನುಮತಿ ನೀಡಿದವರು ಯಾರು? ಮೊದಲು ಒಂಟೆಯನ್ನು ಕಟ್ಟು, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಕಲಿಸಿದವರು ಪ್ರವಾದಿ(ಸ). ಶಾಮ್‌ನಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ತಿಳಿದು ಅರ್ಧ ದಾರಿಯಿಂದಲೇ ತಮ್ಮ ಸಂಗಡಿಗರೊಂದಿಗೆ ಹಿಂದಿರುಗಿದವರು ಖಲೀಫಾ ಉಮರ್(ರ). ವಿಧಿಯಿಂದ ಓಡುತ್ತಿರುವಿರಾ ಎಂಬ ಪ್ರಶ್ನೆಗೆ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಸಾಗುತ್ತಿದ್ದೇವೆ ಎಂಬ ಅರ್ಥದ ಉತ್ತರವನ್ನು ಅವರು ನೀಡಿದರು. ಇದು ಇಸ್ಲಾಮಿನ ತವಕ್ಕುಲ್. ನಾವು ತವಕ್ಕುಲ್ ಎಂದು ಕರೆಯುತ್ತಿರುವುದು ಬಹುಪಾಲು ಸೋಮಾರಿತನ.

ಆ ಮುಂಜಾನೆ ಒಂಟೆಯನ್ನು ಕಟ್ಟಿರಲಿಲ್ಲ. ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಇದಕ್ಕೆ ಸಾಕ್ಷಿ. ಕ್ಯಾಪ್ಟನ್ ಪ್ರಯಾಣದ ಬಹುಭಾಗ ನಿದ್ರಿಸಿದ್ದರು. ನಿಲ್ದಾಣದ ರಾಡಾರ್ ಮೇ 20ರಿಂದಲೇ ಕೆಟ್ಟಿತ್ತು. ಹೀಗಾಗಿ ವಿಮಾನವು ತಡವಾಗಿ ಕೆಳಗಿಳಿಯತೊಡಗಿ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಎಚ್ಚರಿಸಿದರೂ ಕ್ಯಾಪ್ಟನ್ ಕಿವಿಗೊಡಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಬಳಿಕ ಚಕ್ರಗಳು ನೆಲ ಮುಟ್ಟಿದವು. ಕೊನೆಯಲ್ಲಿ ರೆಕ್ಕೆಯು ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ಆಚೆಗಿದ್ದುದು ಕಣಿವೆ. ಇದರಲ್ಲಿ ಮನುಷ್ಯ ತಡೆಯಬಹುದಾಗಿದ್ದ ಎಷ್ಟು ಸಂಗತಿಗಳಿವೆ ಎಂಬುದನ್ನು ಓದುಗರೇ ಎಣಿಸಲಿ.

ಬಜ್ಪೆಯಂತಹ ಗುಡ್ಡದ ಮೇಲಿನ ರನ್‌ವೇಗಳ ಅಂಚಿನಲ್ಲಿ ಇಳಿಜಾರು ಇರಬಾರದು, ಅಲ್ಲಿನ ಕಟ್ಟಡಗಳು ಬಡಿದರೆ ಮುರಿದು ಬೀಳುವಂತಿರಬೇಕು, ವಿಮಾನದ ಚಕ್ರಗಳನ್ನು ಹುದುಗಿಸಿ ತಡೆದು ನಿಲ್ಲಿಸುವ ವಿಶೇಷ ಹಾಸನ್ನು ಅಳವಡಿಸಬೇಕು ಎಂದು ವರದಿ ಶಿಫಾರಸು ಮಾಡಿತ್ತು. ದೇಶವು ಇದರಿಂದ ಕಲಿತದ್ದೇನು? ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರಂದು, ಅದೇ ಸಂಸ್ಥೆಯ ಅದೇ ಮಾದರಿಯ ವಿಮಾನ ಅದೇ ದುಬೈಯಿಂದ ಬಂದು, ಅಂತಹುದೇ ಗುಡ್ಡದ ಮೇಲಿನ ಕೋಝಿಕ್ಕೋಡ್ ರನ್‌ವೇಯನ್ನು ದಾಟಿ ಕೆಳಗುರುಳಿತು. 21 ಮಂದಿ ಬಲಿಯಾದರು. ಅಲ್ಲಿಯೂ ಚಕ್ರಗಳು ತಡವಾಗಿ ನೆಲ ಮುಟ್ಟಿದ್ದವು, ಅಲ್ಲಿಯೂ ಸಹಪೈಲಟ್‌ನ ಎಚ್ಚರಿಕೆ ವ್ಯರ್ಥವಾಗಿತ್ತು. ಇದನ್ನೂ ವಿಧಿಯೆಂದು ಕರೆದು ಕೈ ತೊಳೆದುಕೊಳ್ಳೋಣವೇ?

ಇನ್ನು ಪರಿಹಾರದ ವಿಷಯ. ಭಾರತವು 2009ರಲ್ಲೇ ಮಾಂಟ್ರಿಯಲ್ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಪ್ರಯಾಣಿಕ ಮೃತಪಟ್ಟರೆ, ನಿಗದಿತ ಮಿತಿಯವರೆಗಿನ ನಷ್ಟಕ್ಕೆ ತನ್ನ ತಪ್ಪಿಲ್ಲವೆಂದು ವಾದಿಸಿ ನುಣುಚಿಕೊಳ್ಳಲು ವಿಮಾನ ಸಂಸ್ಥೆಗೆ ಅದು ಅವಕಾಶ ನೀಡುವುದಿಲ್ಲ. ಮೂಲದಲ್ಲಿ ಒಂದು ಲಕ್ಷ ಎಸ್‌ಡಿಆರ್ ಆಗಿದ್ದ ಆ ಮಿತಿ 2024ರ ಡಿಸೆಂಬರಿನಲ್ಲಿ 1,51,880ಕ್ಕೆ ಏರಿತು. ಮಧ್ಯಂತರ ಪರಿಹಾರವಾಗಿ ವಯಸ್ಕರಿಗೆ ಹತ್ತು ಲಕ್ಷ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಐದು ಲಕ್ಷ ನೀಡಲಾಯಿತು. ಕಾಸರಗೋಡಿನ ಕುಟುಂಬವೊಂದು ನ್ಯಾಯಾಲಯದ ಮೆಟ್ಟಿಲೇರಿದಾಗ, ಪ್ರತಿ ಕುಟುಂಬಕ್ಕೂ ಕನಿಷ್ಠ ಒಂದು ಲಕ್ಷ ಎಸ್‌ಡಿಆರ್, ಅಂದರೆ ಅಂದಿನ ಸುಮಾರು 75 ಲಕ್ಷ ರೂಪಾಯಿ ಸಲ್ಲಬೇಕೆಂದು 2011ರ ಜುಲೈನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಮರುತಿಂಗಳೇ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಗೊಳಿಸಿತು. ಆದ ನಷ್ಟವನ್ನು ಸಾಬೀತುಪಡಿಸಬೇಕು ಎಂಬುದು ಅದರ ನಿಲುವು. ಇನ್ನೊಂದೆಡೆ, ಅದೇ ದುರಂತದಲ್ಲಿ ಮಡಿದ, ಕಂಪೆನಿಯೊಂದರ ಉನ್ನತ ಹುದ್ದೆಯಲ್ಲಿದ್ದವರ ಕುಟುಂಬಕ್ಕೆ ಸುಪ್ರೀಮ್ ಕೋರ್ಟು 2020ರಲ್ಲಿ 7.64 ಕೋಟಿ ರೂಪಾಯಿ ನಿಗದಿಪಡಿಸಿತು. ಆ ಕುಟುಂಬಕ್ಕೆ ಸಿಕ್ಕಿದ್ದು ನ್ಯಾಯ. ಅದರ ಬಗ್ಗೆ ತಕರಾರಿಲ್ಲ. ಆದರೆ ಸಂಬಳದ ಪತ್ರವನ್ನೇ ಕಾಣದ ಅಂಗಡಿ ಕೆಲಸಗಾರ, ಡ್ರೈವರ್, ಅಡುಗೆಯಾಳು ತನ್ನ ಜೀವದ ಬೆಲೆಯನ್ನು ಯಾವ ಕಾಗದದಿಂದ ಸಾಬೀತುಪಡಿಸಬೇಕು?

ಪರಿಹಾರ ಕೇಳುವುದು ಹೆಣದ ಮೇಲಿನ ವ್ಯಾಪಾರ ಎಂದು ಮೂಗು ಮುರಿಯುವವರಿಗೊಂದು ಮಾತು. ಪ್ರಮಾದದಿಂದ ಸಂಭವಿಸಿದ ಹತ್ಯೆಗೂ ಮೃತನ ವಾರೀಸುದಾರರಿಗೆ ದಿಯತ್ ಸಲ್ಲಬೇಕೆಂದು ಆದೇಶಿಸಿದ್ದು ಪವಿತ್ರ ಕುರ್‌ಆನ್. ಅನಾಥರ ಹಕ್ಕನ್ನು ಕೇಳಿ ಪಡೆಯುವುದು ದುರಾಸೆಯಲ್ಲ. ಕೇಳದೆ ಬಿಟ್ಟುಕೊಡುವುದು ಔದಾರ್ಯವೂ ಅಲ್ಲ. ಏಕೆಂದರೆ ಆ ಹಣ ನಮ್ಮದಲ್ಲ, ಅನಾಥರದ್ದು.

2020ರ ಅಕ್ಟೋಬರ್ 31ರಂದು ಈ ನಿಲ್ದಾಣದ ಆಡಳಿತ ಐವತ್ತು ವರ್ಷಗಳ ಅವಧಿಗೆ ಅದಾನಿ ಸಮೂಹದ ವಶವಾಯಿತು. ಪ್ರತಿ ದೇಶೀಯ ಪ್ರಯಾಣಿಕನಿಗೆ 115 ರೂಪಾಯಿಯಂತೆ ಪ್ರಾಧಿಕಾರಕ್ಕೆ ನೀಡುವುದಾಗಿ ಅದು ಬಿಡ್ ಮಾಡಿತ್ತು. ಪ್ರಯಾಣಿಕನಿಂದ ಅಭಿವೃದ್ಧಿ ಶುಲ್ಕವನ್ನು ಟಿಕೆಟಿನಲ್ಲೇ ವಸೂಲು ಮಾಡಲಾಗುತ್ತದೆ. 2023ರಲ್ಲಿ ಕಾಂಕ್ರೀಟ್ ರನ್‌ವೇಗೆ ಡಾಮರಿನ ಹೊಸ ಹೊದಿಕೆಯೂ ಬಿತ್ತು. ಸ್ವಾಗತಾರ್ಹ. ಆದರೆ ಹಣ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕಿದೆ. ಗೋಖಲೆ ವರದಿಯ ಒಂದೊಂದು ಶಿಫಾರಸೂ ಬಜ್ಪೆಯಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು ಅಂಶವಾರಾಗಿ ಸಾರ್ವಜನಿಕರ ಮುಂದಿಡಲಿ. ನಿಲ್ದಾಣ ಖಾಸಗಿಯವರ ಕೈಯಲ್ಲಿದ್ದರೂ ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟಿವೆ. ಹೊಸ ವಿಮಾನಕ್ಕಾಗಿ ಮನವಿ ಪತ್ರ ಹಿಡಿದು ಸಂಸದರ ಬಳಿಗೆ ಹೋಗುವ ಸಂಘಟನೆಗಳು ಒಮ್ಮೆಯಾದರೂ ಈ ಪ್ರಶ್ನೆಯನ್ನು ಹಿಡಿದು ಹೋಗಲಿ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಒಡಂಬಡಿಕೆಯ ಪ್ರಕಾರ ದಾವೆ ಹೂಡಲು ಇರುವ ಅವಧಿ ಎರಡೇ ವರ್ಷ ಎಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ವಿದೇಶದಲ್ಲಿ ದುಡಿಯುವವನ ಉದ್ಯೋಗ ಕರಾರು, ಸಂಬಳದ ದಾಖಲೆ, ಬ್ಯಾಂಕ್ ವಿವರಗಳ ಪ್ರತಿಗಳು ಮನೆಯಲ್ಲಿವೆಯೇ? ಮದುವೆಯ ಶಾಮಿಯಾನಕ್ಕೆ ಲಕ್ಷಗಳನ್ನು ಸುರಿಯುವ ಸಮುದಾಯದ ಪ್ರತಿಯೊಂದು ಜಮಾಅತ್‌ಗೂ ಒಬ್ಬ ವಕೀಲರ ನೆರವನ್ನು ಹೊಂದಿಸಿಕೊಳ್ಳುವುದು ಅಸಾಧ್ಯವೇ? ವಿಮಾನದಲ್ಲಿ ದುಡಿಮೆಗೆ ಹೋಗುವ ಯುವಕರನ್ನು ಸಾವಿರಗಟ್ಟಲೆ ಕಳುಹಿಸಿದ ನಾವು, ವಿಮಾನ ಸಂಚಾರ ನಿಯಂತ್ರಣಕ್ಕೆ, ವಿಮಾನ ನಿರ್ವಹಣೆಯ ಎಂಜಿನಿಯರಿಂಗ್‌ಗೆ, ವಾಯುಯಾನ ಕಾನೂನಿಗೆ ಎಷ್ಟು ಮಕ್ಕಳನ್ನು ಸಿದ್ಧಪಡಿಸಿದ್ದೇವೆ?

2025ರ ಜೂನ್ 12ರಂದು ಅಹ್ಮದಾಬಾದಿನಲ್ಲಿ 260 ಜೀವಗಳು ಭಸ್ಮವಾದಾಗ ಅದೇ ಗೋಳು ಮತ್ತೆ ದೇಶದ ಕಣ್ಣೆದುರಿಗೆ ಬಂತು. ಪ್ರತಿ ಮೇ 22ರಂದು ಕೂಳೂರು-ತಣ್ಣೀರುಬಾವಿಯ ಸ್ಮಾರಕದಲ್ಲಿ ಹೂವಿಡುತ್ತಾರೆ. ಅಲ್ಲಿ ಮಲಗಿರುವವರಲ್ಲಿ ಯಾರು ಯಾವ ಧರ್ಮದವರೆಂಬುದು ಅಲ್ಲಾಹನಿಗಷ್ಟೇ ಗೊತ್ತು. ಆದ್ದರಿಂದ ಈ ಹೋರಾಟವೂ ಎಲ್ಲರದ್ದಾಗಬೇಕು. ಮಡಿದವರಿಗಾಗಿ ದುಆ ಮಾಡೋಣ. ದುಆಕ್ಕೆ ಎತ್ತಿದ ಕೈಗಳನ್ನು ಕೆಳಗಿಳಿಸಿದ ಬಳಿಕ, ಅವೇ ಕೈಗಳಿಂದ ಅರ್ಜಿಯನ್ನೂ ಬರೆಯೋಣ. ಕಾಪಾಡುವವನು ಅಲ್ಲಾಹನೇ. ಒಂಟೆಯನ್ನು ಕಟ್ಟುವ ಕೆಲಸವನ್ನು ಮಾತ್ರ ಅವನು ನಮಗೆ ವಹಿಸಿದ್ದಾನೆ.